ಸುಬ್ಬಮ್ಮನವರ ಒತ್ತೆ

ದಂಡಿಗನಹಳ್ಳಿಯ ಸುಬ್ಬಮ್ಮನವರ ಕೈಯಿಂದ ಒಂದು ವಸ್ತು ಹೊರಗೆ ಹೋಗಬೇಕಾದರೆ, ಕೇಳಲು ಬಂದವರ ಕೈಯಿಂದ ಇನ್ನೊಂದು ವಸ್ತು ಒಳಗೆ ಬಂದು ಕೂತಿರಬೇಕು. ಅವರು ನಿಷ್ಠೆಯಿಂದ ಪಾಲಿಸಿಕೊಂಡು ಬಂದ ಶಾಸ್ತ್ರ ಇದೊಂದೇ. ಕುಡುಗೋಲು ಒಯ್ದವನ ಟವೆಲ್ಲು, ಇಡ್ಲಿ ಪಾತ್ರೆ ಒಯ್ದವಳ ಚಪ್ಪಲಿ, ಹೀಗೆ ಅವರ ಪಡಸಾಲೆಯಲ್ಲಿ ಊರಿನ ಅರ್ಧ ಸಾಮಾನು ಸದಾ ಒತ್ತೆ ಬಿದ್ದಿರುತ್ತದೆ. ಏಣಿ ತಂದ ತಪ್ಪಿಗೆ ನನ್ನ ಕೊಡೆಯೂ ಒಮ್ಮೆ ಅಲ್ಲಿಯ ಗೂಟದಲ್ಲಿ ತೂಗಿತ್ತು. ಸುರಿಯುವ ಮಳೆಯಲ್ಲಿ ನೆನೆಯುತ್ತಲೇ ಹೋಗಿ ಏಣಿ ಒಪ್ಪಿಸಿ ಬಿಡಿಸಿಕೊಂಡು ಬಂದೆ. ಚಿಲ್ಲರೆ ಆಮೇಲೆ ಕೊಡುತ್ತೇನೆಂದ ಬಸ್ ಕಂಡಕ್ಟರನ ಸೀಟಿಯನ್ನೇ ಇಸಿದುಕೊಂಡು, ಚನ್ನರಾಯಪಟ್ಟಣ ಬರುವವರೆಗೂ ಮುಷ್ಟಿಯಲ್ಲಿ ಹಿಡಿದು ಕೂತ ಮಹಾತಾಯಿ ಅವರು. ಅವನು ಪಾಪ, ದಾರಿಯುದ್ದಕ್ಕೂ ಬಸ್ಸಿನ ಬಾಗಿಲು ಬಡಿದು ರೈಟ್ ಹೇಳಿದನಂತೆ.

ಹಾಗೆಂದು ಅವರನ್ನು ಜಿಪುಣರೆಂದು ಯಾರೂ ಕರೆಯುವಂತಿಲ್ಲ. ಕೇಳಿದವರಿಗೆ ಇಲ್ಲವೆಂದವರಲ್ಲ, ಒತ್ತೆಗೆ ಬಂದ ವಸ್ತುವನ್ನು ಸ್ವಂತದ್ದಕ್ಕಿಂತ ಜೋಪಾನ ಮಾಡುವವರು. ಗಿಡ್ಡ ದೇಹ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು, ಮಂಡಿನೋವಿನಿಂದಾಗಿ ಒಂದು ಹೆಜ್ಜೆ ಗಟ್ಟಿಯಾಗಿಯೂ ಒಂದು ಹೆಜ್ಜೆ ಮೆತ್ತಗೂ ಬೀಳುವ ನಡಿಗೆ. ಯಾವ ಮಾತನ್ನಾದರೂ “ತಿಳೀತಾ?” ಎಂದು ಕೇಳಿ ಮುಗಿಸುತ್ತಾರೆ; ತಿಳಿಯಿತೆಂದು ಎದುರಿನವರು ತಲೆಯಾಡಿಸುವವರೆಗೆ ಬಿಡುವುದಿಲ್ಲ.

ಇಂಥವರ ಪೆಟ್ಟಿಗೆಯಲ್ಲಿ ಒತ್ತೆಯ ಮಾತೇ ಇಲ್ಲದೆ ಬಂದು ಸೇರಿದ್ದು ಒಂದೇ ವಸ್ತು, ಅವರ ಅತ್ತೆ ಹೊಳೆನರಸೀಪುರದ ತವರಿನಿಂದ ತಂದಿದ್ದ ಮುತ್ತಿನ ಸರ. ಮನೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಗೋಡೆಯ ಈಚೆ ಸುಬ್ಬಮ್ಮನವರ ಸಂಸಾರ, ಆಚೆ ಓರಗಿತ್ತಿ ನಾಗಲಕ್ಷ್ಮಿಯದು. ಅತ್ತೆ ಕಣ್ಣು ಮುಚ್ಚುವ ಮುನ್ನ ಸರವನ್ನು ಹಿರಿಸೊಸೆಯ ಮಡಿಲಿಗೆ ಹಾಕಿ, ಎರಡು ಮನೆಯ ಹೆಣ್ಣುಮಕ್ಕಳಲ್ಲಿ ಯಾರ ಮದುವೆ ಮೊದಲೋ ಅವಳ ಕೊರಳಿಗೆ ಇದು ಎಂದಿದ್ದರು. ಸಾಕ್ಷಿಗೆ ಯಾರನ್ನೂ ಕರೆಯಲಿಲ್ಲ, ಪ್ರತಿಯಾಗಿ ಏನನ್ನೂ ಕೇಳಲಿಲ್ಲ. “ನನ್ನ ಬರಿಗೈಲಿ ನಂಬಿದ್ದು ಆ ಮಾತಾಯಿ ಒಬ್ಳೇ ಕಣಪ್ಪ” ಎಂದು ಸುಬ್ಬಮ್ಮನವರು ನನ್ನೊಡನೆ ಎಷ್ಟೋ ಸಲ ಹೇಳಿದ್ದುಂಟು.

ಮೊದಲು ಗೊತ್ತಾದದ್ದು ನಾಗಲಕ್ಷ್ಮಿಯ ಮಗಳು ಮೇಘಶ್ರೀಯ ಮದುವೆ. ನಿಶ್ಚಿತಾರ್ಥದ ದಿನ ಸರದ ಮಾತು ಬಂದಾಗ, ಅರಕಲಗೂಡಿನಿಂದ ಬಂದಿದ್ದ ಬೀಗರ ಎದುರಿಗೇ ನಾಗಲಕ್ಷ್ಮಿ, “ಇಷ್ಟು ವರ್ಸ ಅಕ್ಕನ ಪೆಟ್ಗೇಲಿತ್ತು. ಅತ್ತೆ ಕೊಟ್ಟ ಮುತ್ತೇ ಇದಾವೋ, ಬ್ಯಾರೆ ಬಂದು ಸೇರ್ಕಂಡವೋ, ಯಾರು ಕಂಡೌರೆ? ಮೊದ್ಲು ಪರೀಕ್ಷೆ ಮಾಡಿಸ್ಬುಡಿ” ಎಂದುಬಿಟ್ಟಳು. ಎಲೆಯ ಮೇಲಿನ ಒಬ್ಬಟ್ಟು ಹಾಗೆಯೇ ಉಳಿಯಿತು. ಅಷ್ಟು ಜನರ ನಡುವೆ ಸುಬ್ಬಮ್ಮನವರು ಕಳ್ಳಿಯಂತೆ ಎದ್ದು ಕೈ ತೊಳೆದುಕೊಂಡು ಬಂದರು.

ಮಾರನೆಯ ಬೆಳಿಗ್ಗೆ ಮಗ ಮೋಹನ್‌ಕುಮಾರನನ್ನು ಕರೆದುಕೊಂಡು ಹಾಸನದ ಬಸ್ಸು ಹತ್ತಿದರು. ಚಿನ್ನಬೆಳ್ಳಿ ಅಂಗಡಿಯ ದಿಲೀಪ್ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಮುತ್ತನ್ನು ತಿರುಗಿಸಿ ನೋಡಿದ.

“ಗಾಜಲ್ಲ, ಮುತ್ತೇ ಅಮ್ಮ. ಆದ್ರೆ ಸಮುದ್ರದಲ್ಲಿ ತಾನಾಗಿ ಬೆಳೆದಿದ್ದೋ, ಚಿಪ್ಪು ಸಾಕಿ ಜನ ಬೆಳೆಸಿದ್ದೋ ಅಂತ ಹೊರಗಿಂದ ಹೇಳಕ್ಕಾಗಲ್ಲ. ನಿಮ್ಮತ್ತೆಯವರ ಕಾಲದ್ದಾದ್ರೆ ತಾನಾಗಿ ಬೆಳೆದದ್ದೇ ಇರ್ಬೇಕು. ಈಚೆಗೆ ಬದಲಾಯಿಸಿದ್ರೆ ಸಾಕಿದ್ದು ಸಿಗುತ್ತೆ. ಬೆಂಗಳೂರು ಲ್ಯಾಬಿಗೆ ಕಳಿಸಿ ಎಕ್ಸ್‌ರೇ ತೆಗೆಸ್ಬೇಕು.”

“ಮುತ್ತಿಗೂ ಎಕ್ಸ್‌ರೇನಾ! ನನ್ನ ಮಂಡಿಗೇ ಇನ್ನೂ ತೆಗ್ಸಿಲ್ಲ ಕಣಪ್ಪ.”

ಸರವನ್ನು ಬಿಟ್ಟು ಹೋಗಬೇಕೆಂದಾಗ ನಿಜವಾದ ತೊಡಕು ಶುರುವಾಯಿತು. ದಿಲೀಪ್ ತೂಕ ಬರೆದು, ಫೋಟೋ ತೆಗೆದು, ಸಹಿ ಹಾಕಿ ರಸೀದಿ ಕೊಟ್ಟ. ಸುಬ್ಬಮ್ಮನವರು ಅದನ್ನು ನಾಜೂಕಾಗಿ ಮಡಿಸಿ ಅವನ ಕೈಗೇ ವಾಪಸ್ ಇಟ್ಟರು.

“ಇದು ಬರೀ ಕಾಗ್ದ. ನಿನ್ನ ಕಣ್ಣಲ್ಲೈತಲ್ಲ, ಅದ ಕೊಡು.”

“ಅಮ್ಮ, ಇದು ನಮ್ಮ ತಾತಂದು!”

“ಸರ ನಮ್ಮತ್ತೇದು. ತಿಳೀತಾ?”

ಅವನಿಗೆ ತಿಳಿದಿರಬೇಕು, ಕೊಟ್ಟ. ಭೂತಗನ್ನಡಿ ದಂಡಿಗನಹಳ್ಳಿಗೆ ಬಂದು ದೇವರ ಗೂಡಿನಲ್ಲಿ ನೆಲೆಸಿತು. ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ತಾವು ಮಾತ್ರ ಮಧ್ಯಾಹ್ನದ ಬಿಡುವಿನಲ್ಲಿ ತೆಗೆದು ರಾಗಿಕಾಳನ್ನು ನೋಡುತ್ತಿದ್ದರು, ಇರುವೆಯನ್ನು ನೋಡುತ್ತಿದ್ದರು, ತಮ್ಮ ಅಂಗೈಯ ಗೆರೆಗಳನ್ನು ಬಹಳ ಹೊತ್ತು ನೋಡುತ್ತಿದ್ದರು. ಗೋಡೆಯ ಆಚೆಗೆ ಮದುವೆಯ ಹಪ್ಪಳ ಲಟ್ಟಿಸುವ ಸದ್ದು ಕೇಳಿದಾಗಲೆಲ್ಲ ಅದನ್ನು ಮತ್ತೆ ಗೂಡಿನಲ್ಲಿಟ್ಟುಬಿಡುತ್ತಿದ್ದರು.

ಕೊನೆಗೆ ಹಾಸನದಿಂದ ಫೋನು ಬಂತು. “ಲ್ಯಾಬಿನವರು ಫೋನ್ ಮಾಡಿದ್ರು. ಎಲ್ಲಾ ತಾನಾಗಿ ಬೆಳೆದವೇ ಅಮ್ಮ, ಒಂದೂ ಬೇರೆ ಸೇರಿಲ್ಲ” ಎಂದ ದಿಲೀಪ್. ಸುಬ್ಬಮ್ಮನವರು ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ, ಹಾಸನಕ್ಕೆ ಹೋಗಿ ಅವನಿಗೊಪ್ಪಿಸಿ, ಸರವನ್ನೂ ಲ್ಯಾಬಿನವರು ವರದಿಯಿಟ್ಟು ಸೀಲು ಮಾಡಿದ್ದ ಕವರನ್ನೂ ತೆಗೆದುಕೊಂಡು, ಬಸ್ಸಿಳಿದವರೇ ನೇರವಾಗಿ ಗೋಡೆಯ ಆಚೆಯ ಮನೆಗೆ ನಡೆದರು. ಸರವನ್ನು ತಟ್ಟೆಯಲ್ಲಿಟ್ಟು, ಕವರನ್ನು ಮಾತ್ರ ಮಡಿಲಲ್ಲೇ ಹಿಡಿದುಕೊಂಡರು.

“ಅವತ್ತು ಆಡಿದ ಮಾತ ಮೊದ್ಲು ವಾಪಸ್ ತಗೊ ನಾಗಲಕ್ಷ್ಮಿ. ಆಮೇಲೆ ಕವರ್ ಕೊಡ್ತೀನಿ. ಕಾಗ್ದ ನೋಡಿ ಆಡೋ ಮಾತು ನಂಗೆ ಬ್ಯಾಡ.”

ನಾಗಲಕ್ಷ್ಮಿಯೇನು ಮಾತಿಗೆ ಸೋಲುವವಳೇ? “ಕಂಡಕ್ಟರ್ ಸೀಟಿ ಇಸ್ಕಂಡೋಳು ನೀನು. ಒಬ್ರನ್ನಾದ್ರೂ ಬರಿಗೈಲಿ ನಂಬಿದ್ದೀಯೇನಕ್ಕ? ನಾನೊಬ್ಳು ಯಾಕೆ ನಂಬ್ಲಿ?” ಎಂದಳು.

ಅವಳು ಹೇಳಿದ್ದು ನಿಜವಾಗಿತ್ತು. ಸುಬ್ಬಮ್ಮನವರು ಕವರನ್ನೂ ಸರದ ಮೇಲಿಟ್ಟು, ತಟ್ಟೆಯನ್ನು ಮುಂದಕ್ಕೆ ತಳ್ಳಿ, “ತಗೊ. ನಂಗೇನೂ ಬ್ಯಾಡ” ಎಂದು ಮಂಡಿಯ ಮೇಲೆ ಕೈಯೂರಿ ಎದ್ದರು. ಕೊಟ್ಟು ಬರಿಗೈಯಲ್ಲಿ ನಿಂತು ಅಭ್ಯಾಸವಿಲ್ಲದ ಆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚದೆ ಸೆರಗಿಗೆ ಒರೆಸಿಕೊಂಡರು.

ಮೇಘಶ್ರೀ ಕವರು ಹರಿಯಲು ಹೊರಟಿದ್ದಳು. ನಾಗಲಕ್ಷ್ಮಿ ಮಗಳ ಕೈಯಿಂದ ಅದನ್ನು ಇಸಿದುಕೊಂಡು ಹೊಸ್ತಿಲವರೆಗೆ ಬಂದು, ಸುಬ್ಬಮ್ಮನವರ ಅಂಗೈಯಲ್ಲಿಟ್ಟಳು.

“ಸರ ನನ್ನ ಮಗಳ ಕೊರಳಲ್ಲಿ ಇರೋಗಂಟ ಇದು ನಿನ್ನತ್ರಲೇ ಇರ್ಲಿ ಅಕ್ಕ. ಒತ್ತೆ.”

“ತಿಳೀತು” ಎಂದರು ಸುಬ್ಬಮ್ಮನವರು. ಕಣ್ಣು ತುಂಬಿ ಬಂದಿತ್ತು.

ಆ ಕವರು ಇಂದಿಗೂ ಸೀಲು ಒಡೆಯದೆ ಅವರ ದೇವರ ಗೂಡಿನಲ್ಲಿದೆ. ಅದು ಜೋಪಾನವಾಗಿದೆಯೇ ಎಂದು ವಿಚಾರಿಸುವ ನೆಪದಲ್ಲಿ ನಾಗಲಕ್ಷ್ಮಿ ಆಗಾಗ ಗೋಡೆಯ ಈಚೆಗೆ ಬಂದು ಕಾಫಿ ಕುಡಿದು ಹೋಗುತ್ತಾಳೆ. ಒತ್ತೆಯಿಲ್ಲದೆ ಯಾರನ್ನೂ ನಂಬದ ಜನರನ್ನು ನಾವು ಸಂಶಯದ ಪ್ರಾಣಿಗಳೆಂದು ನಕ್ಕು ದೂರವಿಡುತ್ತೇವೆ; ನನ್ನ ಕೊಡೆ ಅಲ್ಲಿ ತೂಗುತ್ತಿದ್ದಾಗ ನಾನೂ ನಕ್ಕಿದ್ದೆ. ಆದರೆ ಒತ್ತೆ ಇಟ್ಟವರು ಅದನ್ನು ಬಿಡಿಸಿಕೊಳ್ಳಲು ಎಂದಾದರೊಂದು ದಿನ ಬಾಗಿಲಿಗೆ ಮರಳಿ ಬರಲೇಬೇಕು. ಇಂಥವರು ಜೀವಮಾನವಿಡೀ ಕಾದು ಕೂತಿರುವುದು ಆ ಬಾಗಿಲ ಸದ್ದಿಗೆ.