ಮುಚ್ಚಳ ಬಿಗಿದ ಮೊಸರಿನ ಡಬ್ಬಿ

ಬಸ್ಸಿನಲ್ಲಿ ಡಬ್ಬಿಯಕ್ಕನ ಪಕ್ಕದ ಸೀಟು ಯಾವಾಗಲೂ ಖಾಲಿ. ಜನ ನಿಂತುಕೊಂಡು ಜೋಲಿ ಹೊಡೆದರೂ ಸರಿ, ಅಲ್ಲಿ ಕೂರುವುದಿಲ್ಲ. ಯಾರಾದರೂ ಹೊಸಬರು ಗೊತ್ತಿಲ್ಲದೆ ಕೂತರೆ, ಒಂದು ನಿಲ್ದಾಣ ದಾಟುವಷ್ಟರಲ್ಲಿ ಮೂಗಿಗೆ ಕೈ ಹೋಗುತ್ತದೆ, ಮೆಲ್ಲಗೆ ಎದ್ದು ಮುಂದಕ್ಕೆ ಸರಿಯುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಬೈದಿದ್ದರೂ ಒಂದು ಮಾತಾದರೂ ಆಡಿದಂತಾಗುತ್ತಿತ್ತು.

ಅವಳ ಕೆಲಸ ಊರಿನ ಒಣ ಕಸ ಬೇರ್ಪಡಿಸುವುದು. ಊರಾಚೆ ಒಂದು ತಗಡಿನ ಶೆಡ್ಡು. ಮನೆಮನೆಯಿಂದ ಬಂದ ಚೀಲಗಳನ್ನು ಅಲ್ಲಿ ಉದ್ದದ ಮೇಜಿನ ಮೇಲೆ ಪೇರಿಸುತ್ತಾರೆ. ಕಾಗದ ಒಬ್ಬಳ ಪಾಲಿಗೆ, ಗಾಜು ಇನ್ನೊಬ್ಬಳ ಪಾಲಿಗೆ, ಡಬ್ಬಿಗಳೆಲ್ಲ ಇವಳ ಪಾಲಿಗೆ. ಹನ್ನೊಂದು ವರ್ಷದಿಂದ ಡಬ್ಬಿಯೇ ಡಬ್ಬಿ. ಅದಕ್ಕೇ ಶೆಡ್ಡಿನವರು ಡಬ್ಬಿಯಕ್ಕ ಎಂದು ಕರೆದರು, ಅದೇ ಹೆಸರು ನಿಂತುಹೋಯಿತು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಎಣ್ಣೆಯದು, ಇದು ಮೊಸರಿನದು, ಇದು ಔಷಧಿಯದು ಎಂದು ಹೇಳಬಲ್ಲಳು.

ಡಬ್ಬಿಗೆ ವಾಸನೆ ಇಲ್ಲ. ಡಬ್ಬಿಯ ತಳದಲ್ಲಿ ಜನ ಬಿಟ್ಟದ್ದಕ್ಕೆ ವಾಸನೆ. ಎರಡು ಚಮಚ ಮೊಸರು ಆರು ದಿನ ಸೆಕೆಯಲ್ಲಿ ಕೂತರೆ ಅದನ್ನು ಮೊಸರು ಎನ್ನಲಾಗುವುದಿಲ್ಲ. ಕೈಗವಸು ಕೊಟ್ಟಿದ್ದಾರೆ, ನಿಜ. ಮುಚ್ಚಳ ತೆಗೆದಾಗ ಮುಖಕ್ಕೆ ಚಿಮ್ಮುವುದು ಕೈಗವಸನ್ನು ಕೇಳಿ ಚಿಮ್ಮುತ್ತದೆಯೇ?

ವಾರಕ್ಕೊಮ್ಮೆ ಒಂದು ಚೀಲ ಬರುತ್ತಿತ್ತು. ಹಳೆ ಪರದೆಯಿಂದ ಕತ್ತರಿಸಿದ ಹೂವಿನ ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಿ, ಮೇಲೊಂದು ಅಂದದ ಗಂಟು. ಶೆಡ್ಡಿನವರು ಅದಕ್ಕೆ ಮದುಮಗಳು ಎಂದು ಹೆಸರಿಟ್ಟಿದ್ದರು.

"ಡಬ್ಬಿಯಕ್ಕಾ, ನಿನ್ನ ಮದುಮಗಳು ಬಂದ್ಳು ನೋಡು!"

"ಬಂದ್ಳಾ? ದೂರ ನಿಲ್ರೇ ಹಾಗಾದ್ರೆ."

ಹೊರಗೆ ಶೃಂಗಾರ, ಒಳಗೆ ಗೋಳಿಸೊಪ್ಪು. ಚೀಲದೊಳಗೆ ಚೀಲ, ಅದರೊಳಗೆ ಮುಚ್ಚಳ ಬಿಗಿದ ಡಬ್ಬಿಗಳು. ಹೊಟ್ಟೆ ಉಬ್ಬಿಕೊಂಡು, ಮುಟ್ಟಿದರೆ ಸಿಡಿಯುವ ಹಾಗೆ. ಆ ವಾರವೂ ಒಂದು ಸಿಡಿಯಿತು. ಅವಳ ಕುತ್ತಿಗೆಗೆ, ಕೂದಲಿಗೆ ಬಡಿಯಿತು. ಉಳಿದದ್ದು ಪಕ್ಕದ ಕಾಗದದ ರಾಶಿಯ ಮೇಲೆ ಹರಿಯಿತು. ಒದ್ದೆಯಾಗಿ ಜಿಡ್ಡು ಹಿಡಿದ ಕಾಗದವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಮೇಸ್ತ್ರಿ ಬಂದು ನೋಡಿ, "ಅಷ್ಟೂ ಗುಡ್ಡಕ್ಕೆ ಹಾಕಿ" ಎಂದ. ಗುಡ್ಡವೆಂದರೆ ಕಸದ ಗುಡ್ಡ.

"ಬೆಳಗಿಂದ ಬೆನ್ನು ಬಗ್ಗಿಸಿ ಆರಿಸಿದ್ದು ಕಣೇ ಅಕ್ಕಾ" ಎಂದು ಕಾಗದದವಳು ಅಲ್ಲೇ ಕುಸಿದು ಕೂತಳು.

ಮಾರನೆಯ ದಿನ ಡಬ್ಬಿಯಕ್ಕನಿಗೆ ರಜೆ. ರಜೆ ಎಂದರೆ ಮಗಳ ಮನೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಇರುವುದು ಒಂದು ಕೋಣೆ, ಒಂದು ಒಲೆ, ಒಂದು ತಟ್ಟೆ. ಲೋಕದಲ್ಲಿ ಅವಳನ್ನು ಅಮ್ಮಾ ಎನ್ನುವ ಬಾಯಿ ಒಂದೇ. ಆ ಮಗಳಿಗೆ ನಾಲ್ಕು ತಿಂಗಳ ಹಿಂದೆ ಹೆಣ್ಣುಮಗು ಹುಟ್ಟಿತ್ತು. ನಾಲ್ಕು ತಿಂಗಳಾದರೂ ಡಬ್ಬಿಯಕ್ಕ ಆ ಮಗುವನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಯಾರೂ ಬೇಡ ಅಂದಿರಲಿಲ್ಲ. ಬೀಗಿತ್ತಿ ಅಂಥ ಕೆಟ್ಟ ಹೆಂಗಸಲ್ಲ. ಟೀ ಕೊಡುತ್ತಾರೆ, ಬಿಸ್ಕತ್ತು ಇಡುತ್ತಾರೆ, ಮಳೆ ಬಂದರೆ ಛತ್ರಿ ಕೊಟ್ಟು ಕಳಿಸುತ್ತಾರೆ. ಆದರೆ ಕುರ್ಚಿಯನ್ನು ಬಾಗಿಲ ಪಕ್ಕ, ಚಪ್ಪಲಿಗಳ ಹತ್ತಿರ ಹಾಕುತ್ತಾರೆ. ಮಗು ಮಾತ್ರ ಯಾವಾಗಲೂ "ಈಗಷ್ಟೇ ಮಲಗ್ತು." ಒಳಗಿನ ಕೋಣೆಯಲ್ಲಿ ಅದು ಆ ಊ ಅನ್ನುವುದು ಕೇಳುತ್ತಿರುತ್ತದೆ. ಮಗಳು ತಲೆ ತಗ್ಗಿಸಿ ಬಟ್ಟೆ ಮಡಚುತ್ತಾಳೆ. ಡಬ್ಬಿಯಕ್ಕ ಟೀ ಕುಡಿದು ಎದ್ದು ಬರುತ್ತಾಳೆ.

ಅವತ್ತು ಅವಳು ಮೂರು ಸಲ ತಲೆಗೆ ನೀರು ಹಾಕಿಕೊಂಡಳು. ನಿಂಬೆ ಸಿಪ್ಪೆಯಿಂದ ಉಗುರು ಉಜ್ಜಿದಳು. ಕೈ ಮೂಸಿ ನೋಡಿದಳು. ಇತ್ತು. ಇನ್ನೂ ಇತ್ತು.

ಬೀಗಿತ್ತಿಯ ಮನೆ ಕನ್ನಡಿಯ ಹಾಗೆ. ನೆಲದಲ್ಲಿ ಮುಖ ನೋಡಿಕೊಳ್ಳಬಹುದು. ಡಬ್ಬಿಯಕ್ಕ ತನ್ನ ಕುರ್ಚಿಯಲ್ಲಿ ಕೂತಳು. ಕಸದ ಗಾಡಿ ಬರುವ ದಿನ ಆ ವಾರ ಬದಲಾಗಿತ್ತು. ಬೀಗಿತ್ತಿ ಅಡುಗೆಮನೆಯಿಂದ ಚೀಲ ಹಿಡಿದು ಬಾಗಿಲಿಗೆ ಬಂದರು. ಬಾಯಿಗೆ ಹೂವಿನ ಬಟ್ಟೆಯ ಪಟ್ಟಿ. ಮೇಲೊಂದು ಅಂದದ ಗಂಟು.

ಡಬ್ಬಿಯಕ್ಕ ಆ ಗಂಟನ್ನೇ ನೋಡಿದಳು. ಟೀ ಲೋಟ ಕೆಳಗಿಟ್ಟಳು.

ಹೇಳಲೇ, ಬೇಡವೇ? ಹೇಳಿದರೆ ಬೀಗಿತ್ತಿ ಮುಖ ಕೆಡಿಸಿಕೊಂಡಾರು. ಈಗ ಬಾಗಿಲ ಬಳಿಯಾದರೂ ಜಾಗವಿದೆ, ಅದೂ ಹೋದೀತು. ಹೇಳದಿದ್ದರೆ? ಮಗು ನಡೆಯಲು ಕಲಿಯುತ್ತದೆ, ಮಾತು ಕಲಿಯುತ್ತದೆ, ತಾನು ಅದನ್ನು ಇಲ್ಲಿಂದಲೇ ನೋಡುತ್ತಿರಬೇಕು.

"ಬೀಗ್ರೇ, ಅದರಲ್ಲಿ ಮೊಸರಿನ ಡಬ್ಬಿ ಇದೆಯಾ?"

"ಇದೆ. ಯಾಕೆ, ನಿಮಗೇನಾದ್ರೂ ಬೇಕಿತ್ತಾ?"

"ಬೇಡ ಬೀಗ್ರೇ. ಶೆಡ್ಡಲ್ಲಿ ಕಾದು ಬರೋ ವಾರ ಹೇಗೂ ನನ್ನ ಹತ್ರಾನೇ ಬರುತ್ತೆ."

ಬೀಗಿತ್ತಿಗೆ ಅರ್ಥವಾಗಲಿಲ್ಲ. ಡಬ್ಬಿಯಕ್ಕ ನೆಲ ನೋಡುತ್ತಾ ಹೇಳಿದಳು:

"ಈ ಹೂವಿನ ಬಟ್ಟೆ ನನಗೆ ಗೊತ್ತು. ವಾರವಾರ ಬಿಚ್ಚೋಳು ನಾನೇ. ಯಾರ ಮನೇದು ಅಂತ ಮಾತ್ರ ಗೊತ್ತಿರ್ಲಿಲ್ಲ. ನೆನ್ನೆ ಒಂದು ಡಬ್ಬಿ ಸಿಡಿದು ನನ್ನ ತಲೆ ಮೇಲೇ ಬಿತ್ತು ಬೀಗ್ರೇ."

"ನನ್ನ ಚೀಲಾನಾ? ಇಡೀ ಬೀದೀಲಿ ನನ್ನಷ್ಟು ಚೊಕ್ಕಟವಾಗಿ ಯಾರು ಕಟ್ಟಿ ಕೊಡ್ತಾರೆ ಹೇಳಿ! ಮುಚ್ಚಳ ಬಿಗಿಯಾಗಿ ಹಾಕ್ತೀನಿ, ಎರಡೆರಡು ಚೀಲ ಹಾಕ್ತೀನಿ. ಒಂದು ಚೂರು ವಾಸನೆ ಬರಲ್ಲ."

"ನಿಮ್ಮನೇಲಿ ಬರಲ್ಲ. ಎಲ್ಲಾ ಒಳಗೇ ಕೂತು ನನಗಾಗಿ ಕಾಯ್ತಾ ಇರುತ್ತೆ."

"ಅದಕ್ಕೇನು, ಬಿಸಾಡೋದಕ್ಕೂ ಸ್ನಾನ ಮಾಡಿಸ್ಬೇಕಾ ಈಗ? ಊಟದ ಪಾತ್ರೆ ತೊಳೆಯೋ ಜಾಗದಲ್ಲಿ ಕಸ ತಂದು ತೊಳೀಲಾ?"

"ನೆನ್ನೆ ತನಕ ಅದರಿಂದಾನೇ ಊಟಕ್ಕೆ ಬಡಿಸಿದ್ರಲ್ಲ. ಖಾಲಿ ಆಯ್ತು ಅಂತ ಇವತ್ತು ಅದಕ್ಕೆ ಕಸ ಅಂತ ಹೆಸರಾ?"

ಬೀಗಿತ್ತಿ ಬಿಡಲಿಲ್ಲ. "ನೀರೇನು ಬಿಟ್ಟಿ ಬರುತ್ತಾ?"

"ಹೊಸ ನೀರು ಬೇಡ. ಸೋಪೂ ಬೇಡ. ಪಾತ್ರೆ ತೊಳೆದ ಮೇಲೆ ಉಳಿಯೋ ನೀರು ಒಂದು ಲೋಟ ಸಾಕು. ಡಬ್ಬಿಗೆ ಹಾಕಿ ಗಲಗಲ ಅಲ್ಲಾಡಿಸಿ ಚೆಲ್ಲಿಬಿಡಿ. ಬೋರಲು ಹಾಕಿ. ಒಣಗಿದ ಮೇಲೆ ಚೀಲಕ್ಕೆ ಹಾಕಿ. ಮುಚ್ಚಳ ಬೇರೆ, ಡಬ್ಬಿ ಬೇರೆ."

"ಅಲ್ಲಿ ತೊಳೆಯೋ ಯಂತ್ರ ಇರಲ್ವಾ?"

"ಇದೆ. ಯಂತ್ರಕ್ಕಿಂತ ಮುಂಚೆ ನಾನಿದೀನಿ."

ಮಡಚುತ್ತಿದ್ದ ಬಟ್ಟೆಯನ್ನು ಮಗಳು ಕೆಳಗಿಟ್ಟಳು.

"ಅತ್ತೆ, ಅಮ್ಮನ ಮೈಗೆ ವಾಸನೆ ಅಂತ ನೀವು..."

"ನಾನು ಯಾವತ್ತು ಹಾಗಂದೆ?"

"ಅನ್ನಲಿಲ್ಲ. ಕುರ್ಚಿ ಅಲ್ಲಿ ಹಾಕಿದ್ರಿ."

"ಸುಮ್ನಿರೇ ನೀನು" ಎಂದು ಡಬ್ಬಿಯಕ್ಕ ಗದರಿದಳು.

ಬೀಗಿತ್ತಿ ಅಲ್ಲೇ ಕೂತು ಗಂಟು ಬಿಚ್ಚಿದರು. ಒಳಗಿನ ಚೀಲ ಬಿಚ್ಚಿದರು. ಆರು ದಿನದ ಡಬ್ಬಿಯ ಮುಚ್ಚಳ ತೆಗೆದದ್ದೇ ಸೆರಗು ಮೂಗಿಗೆ ಹೋಯಿತು. ಸೆರಗಿನ ಮೇಲಿಂದ ಡಬ್ಬಿಯಕ್ಕನನ್ನು ನೋಡಿದರು. ನಾಲ್ಕು ತಿಂಗಳಿಂದ ತಾವು ದೂರ ಕೂರಿಸಿದ ವಾಸನೆ ಅದೇ. ತಮ್ಮ ಅಡುಗೆಮನೆಯಿಂದಲೇ ಹೋದದ್ದು.

ಅವರು ಡಬ್ಬಿಗಳನ್ನು ಒಳಗೆ ಒಯ್ದರು. ಡಬ್ಬಿಯಕ್ಕನೂ ಹಿಂದೆ ಹೋದಳು. ಆ ಅಡುಗೆಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಪಾತ್ರೆ ತೊಳೆದ ನೀರು ಟಬ್ಬಿನಲ್ಲಿತ್ತು. ಮೊಸರಿನ ಡಬ್ಬಿಗಳು ಮೂರು, ಹಾಲಿನ ಪುಡಿಯ ಡಬ್ಬಿ ಒಂದು, ಎಣ್ಣೆಯದು ಒಂದು. ಬೀಗಿತ್ತಿಗೆ ಚಟ ಬಿಡುತ್ತದೆಯೇ? ನಾರು ತಂದರು, ಸೋಪು ತಂದರು, ಬೆಳ್ಳಿ ಲೋಟ ಉಜ್ಜಿದ ಹಾಗೆ ಉಜ್ಜತೊಡಗಿದರು.

"ಅಯ್ಯೋ ಬೀಗ್ರೇ, ಷೋಕೇಸಲ್ಲಿ ಇಡ್ತೀರಾ? ತಳದಲ್ಲಿ ಅಂಟಿರಬಾರ್ದು, ಅಷ್ಟೇ."

"ಎಣ್ಣೆ ಡಬ್ಬಿ? ಇದು ನೀರಿಗೆ ಬಗ್ಗಲ್ಲ."

"ಹಳೆ ಕಾಗದದಲ್ಲಿ ಮೊದಲು ಒರೆಸಿ. ಆ ಕಾಗದ ಮಾತ್ರ ಒಣ ಕಸಕ್ಕೆ ಹಾಕಬೇಡಿ. ಜ್ಯಾಮ್ ಬಾಟಲಿ ಇದ್ರೆ ಒಂದು ಗಳಿಗೆ ನೆನೆಯಲಿ, ತಾನೇ ಬಿಡುತ್ತೆ."

ಎಲ್ಲ ಮುಗಿದಾಗ ಮಗಳು ಮತ್ತೆ ಒಲೆಗಿಟ್ಟ ಟೀ ಇನ್ನೂ ಕುದಿ ಬಂದಿರಲಿಲ್ಲ. "ಇಷ್ಟೇನಾ?" ಎಂದರು ಬೀಗಿತ್ತಿ. ಅವತ್ತು ಅವರು ಆಡಿದ ಕೊನೆಯ ಮಾತು ಅದು. ಮಗು ಒಳಗೆ ಮಲಗಿತ್ತು, ಈ ಸಲ ನಿಜವಾಗಿಯೂ ಮಲಗಿತ್ತು. ಡಬ್ಬಿಯಕ್ಕ ಕತ್ತಲಾಗುವ ಮುಂಚೆ ಬಸ್ಸು ಹಿಡಿದು ತನ್ನ ಕೋಣೆಗೆ ಬಂದಳು. ತಪ್ಪು ಮಾಡಿದೆನೋ ಏನೋ ಎಂದು ವಾರವಿಡೀ ಕೊರಗಿದಳು.

ಮುಂದಿನ ವಾರ ಹೂವಿನ ಬಟ್ಟೆಯ ಚೀಲ ಮೇಜಿಗೆ ಬಂತು. ಶೆಡ್ಡಿನವರು ಅಭ್ಯಾಸದಂತೆ ದೂರ ಸರಿದರು. ಅವಳು ಬಿಚ್ಚಿದಳು. ಡಬ್ಬಿಗಳು ಒಣಗಿದ್ದವು. ಮುಚ್ಚಳಗಳೆಲ್ಲ ಬೇರೆಯಾಗಿ ಒಂದು ಕಡೆ ಇದ್ದವು. ಹತ್ತು ಎಣಿಸುವುದರೊಳಗೆ ಕೆಲಸ ಮುಗಿಯಿತು. ಕಾಗದದವಳು ಬಂದು ಬಗ್ಗಿ ಮೂಸಿ ನೋಡಿ, "ಏನಕ್ಕಾ ಇದು, ಚೀಲ ಅದಲುಬದಲಾಯ್ತಾ?" ಎಂದಳು.

ಆದರೆ ಮೇಜಿನ ಮೇಲೆ ಇನ್ನೂ ಮೂವತ್ತೊಂಬತ್ತು ಚೀಲಗಳಿದ್ದವು. ಅವು ಎಂದಿನ ಹಾಗೇ ಇದ್ದವು.

ರಜೆಯ ದಿನ ಅವಳು ಮತ್ತೆ ಹೋದಳು. ಕುರ್ಚಿ ಒಳಗಿತ್ತು. ತಾನೇ ಎತ್ತಿ ತಂದು ಬಾಗಿಲ ಬಳಿ ಹಾಕಿಕೊಂಡಳು.

"ಯಾಕ್ರೀ ಅಲ್ಲಿ ಕೂತ್ರಿ?" ಎಂದರು ಬೀಗಿತ್ತಿ. "ನಾನು ತೊಳೆದು ಕಳಿಸಿದ್ದೆ. ಬಂತಾ?"

"ಬಂತು. ಬಹಳ ಚೆನ್ನಾಗಿ ಬಂತು."

"ಮತ್ತೆ? ವಾಸನೆ ಹೋಯ್ತು ತಾನೇ?"

"ಎಲ್ಲಿ ಹೋಗುತ್ತೆ ಬೀಗ್ರೇ? ನಿಮ್ಮದು ಒಂದು ಚೀಲ. ಮೇಜಿನ ಮೇಲೆ ನಲವತ್ತು."

ಬೀಗಿತ್ತಿ ಒಳಗಿನ ಕೋಣೆಯ ಬಾಗಿಲು ತೆರೆದರು. ಆಮೇಲೆ ಹೇಳಿದರು: "ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ. ಮಗು ಎದ್ದಿದೆ."

ಡಬ್ಬಿಯಕ್ಕ ಕೈ ತೊಳೆದಳು. ಮೊಣಕೈವರೆಗೆ ತೊಳೆದಳು. ಬೀಗಿತ್ತಿಯೇ ಮಗುವನ್ನು ತಂದು ಅವಳ ತೋಳಿಗೆ ಹಾಕಿದರು. ಮಗು ಅವಳ ಕುತ್ತಿಗೆಗೆ ಮೂಗು ಒತ್ತಿ ಒಂದು ಸಲ ಸೀನಿತು. ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗು ಅಲ್ಲೇ ಮೂಗು ತಿಕ್ಕಿ, ತಲೆ ವಾಲಿಸಿತು.

"ವಾಸನೆ ನಿಮ್ಮದಲ್ಲ ಕಣ್ರೀ, ನಮ್ಮದು" ಎಂದರು ಬೀಗಿತ್ತಿ. "ಆ ಉಳಿದ ಚೀಲಗಳು ಯಾವ ಬೀದೀವು?"

"ಎಲ್ಲಾ ಈ ಸುತ್ತಮುತ್ತಲಿನವೇ."

ಬೀಗಿತ್ತಿ ಚಪ್ಪಲಿ ಮೆಟ್ಟಿ ಪಕ್ಕದ ಮನೆಯ ಬಾಗಿಲು ತಟ್ಟಲು ಹೊರಟರು. ಆ ಬೀದಿಯಿಂದ ಈಗ ಒಂಬತ್ತು ಚೀಲಗಳು ತೊಳೆದು ಒಣಗಿಸಿದ ಡಬ್ಬಿಗಳೊಂದಿಗೆ ಬರುತ್ತವೆ. ಒಂಬತ್ತೇ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಉಳಿದ ಚೀಲಗಳಲ್ಲಿ ಒಂದು ನಿಮ್ಮ ಮನೆಯದಾಗಿರಬಹುದು. ಡಬ್ಬಿ ಫಳಫಳ ಹೊಳೆಯಬೇಕಿಲ್ಲ. ತಳದಲ್ಲಿ ಉಳಿದದ್ದನ್ನು ಬಳಿದು ಹಸಿ ಕಸಕ್ಕೆ ಹಾಕಿ. ಪಾತ್ರೆ ತೊಳೆದ ನೀರಿನಲ್ಲಿ ಒಮ್ಮೆ ಅಲ್ಲಾಡಿಸಿ ಚೆಲ್ಲಿ, ಬೋರಲು ಹಾಕಿ ಒಣಗಿಸಿ ಕೊಡಿ. ಕಾಗದವನ್ನು ಒದ್ದೆಯಾಗದಂತೆ ಬೇರೆ ಇಡಿ. ಟೀ ಕುದಿಯುವಷ್ಟು ಹೊತ್ತೂ ಬೇಡ. ನಿಮ್ಮ ಚೀಲ ಬಿಚ್ಚುವ ಕೈ ಯಾರದೆಂದು ನಿಮಗೆ ಗೊತ್ತಿಲ್ಲ. ಆ ಕೈಗೂ ಸಂಜೆ ಎತ್ತಿಕೊಳ್ಳಲು ಒಂದು ಮಗುವಿದ್ದೀತು.