ಬದುವಿನಾಚೆಯ ಹಿಕ್ಕೆ

ಸೊಕ್ಕೆ ಊರಿನ ಗಾದ್ರಮ್ಮನಿಗೆ ಬೇರೆ ಯಾರ ಏಳಿಗೆ ಕಂಡರೂ ಬೇಸರವಿಲ್ಲ. ವಾರಗಿತ್ತಿ ಕೊಲ್ಲಾಪುರಮ್ಮನದು ಕಂಡರೆ ಮಾತ್ರ ಹೊಟ್ಟೆಯೊಳಗೆ ಕೆಂಡ. ಇಬ್ಬರೂ ಊರಾಚೆಯ ಸರ್ಕಾರಿ ಗೋಮಾಳದಲ್ಲಿ ಜೊತೆಗೇ ಕುರಿ ಮೇಯಿಸಿದವರು. ಗಂಡಂದಿರು ಬೇರೆಯಾದ ಮೇಲೆ ಕೊಲ್ಲಾಪುರಮ್ಮ ತನ್ನ ಪಾಲಿನ ಕುರಿ ಮಾರಿ ಎತ್ತು ತಂದಳು, ಗೋಮಾಳದ ಇಳಿಜಾರಿನಲ್ಲಿ ಒಂದು ತುಂಡು ಉಳುಮೆ ಮಾಡಿಸಿದಳು. ಈಗ ಅದು ತನ್ನ ಹೆಸರಿಗಾಗಲಿ ಎಂದು ಬಗರ್‌ಹುಕುಂ ಅರ್ಜಿಯನ್ನೂ ಹಾಕಿದ್ದಾಳೆ. ಅಧಿಕಾರಿ ನೋಡಲು ಬಂದಾಗ ಬೆಳೆ ಚೆನ್ನಾಗಿದ್ದರೆ ಕೆಲಸ ಆದಂತೆಯೇ ಎಂದು ಊರಿನ ಮಾತು.

"ಮೇಯೋ ಜಾಗ ನುಂಗಿ ಗೌಡ್ತಿ ಆಗಾಕೆ ಹೊಂಟಾಳೆ," ಎಂದು ಗಾದ್ರಮ್ಮ ಕುರಿಗಳ ಮುಂದೆ ಹೇಳಿಕೊಂಡಳು. ಗಂಡ ಬೋರಣ್ಣ ಈ ಮಾತು ಕೇಳಿಸಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಬಿತ್ತನೆಗೆ ಮುಂಚೆ ಕೊಲ್ಲಾಪುರಮ್ಮನೇ ಮನೆಗೆ ಬಂದಳು. "ಅಕ್ಕಾ, ನಾಕು ರಾತ್ರಿ ನಿನ್ನ ಕುರಿ ನಮ್ಮ ಹೊಲದಾಗೆ ನಿಲ್ಸು. ನೆಲ ಬರೀ ಗರಸು ಐತೆ, ಗೊಬ್ಬರ ಬೇಕು. ಪದ್ಧತಿ ಹೆಂಗೈತೋ ಹಂಗೆ ಕಾಳು ಕೊಡ್ತೀನಿ."

"ನನ್ನ ಕುರಿ ಕಳ್ಳ ಹೊಲದಾಗೆ ನಿಲ್ಲಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಗಾದ್ರಮ್ಮನೇ ಅಲ್ಲ. ವಾರಗಿತ್ತಿ ಕಂಡು ಉರಿದುಕೊಳ್ಳಲಿ ಎಂದು ಅದೇ ಹೊಲದ ಬದುವಿಗೆ ತಾಗಿಸಿ, ಮೇಲಿನ ಬೋಳು ನೆಲದಲ್ಲಿ ಹಿಂಡು ನಿಲ್ಲಿಸಿದಳು. ನಾಕು ರಾತ್ರಿಯಲ್ಲ, ಮಳೆಗಾಲ ಹಿಡಿಯುವವರೆಗೂ. ಬೆಳಿಗ್ಗೆ ಎದ್ದು ನೆಲದ ತುಂಬ ಬಿದ್ದ ಹಿಕ್ಕೆ ನೋಡಿ, ಬದುವಿನಾಚೆ ನಿಂತ ಕೊಲ್ಲಾಪುರಮ್ಮನನ್ನೂ ನೋಡಿದರೆ ಗಾದ್ರಮ್ಮನ ಹೊಟ್ಟೆ ತಣ್ಣಗಾಗುತ್ತಿತ್ತು.

ಮಳೆ ಬಂತು. ಕೊಲ್ಲಾಪುರಮ್ಮ ಸನಿಕೆ ತಂದು ಬದುವಿಗೆ ಒಂದು ಬಾಯಿ ತೆಗೆದಳು. ಹಿಕ್ಕೆ ಕದಡಿದ ಕಪ್ಪು ನೀರು ಇಳಿಜಾರು ಹಿಡಿದು ಹೊಲಕ್ಕೆ ಇಳಿಯಿತು. ಆ ವರ್ಷ ಅವಳ ಮೆಕ್ಕೆಜೋಳ ಆಳೆತ್ತರ ಎದ್ದಿತು.

ಅಧಿಕಾರಿ ಬಂದ ದಿನ ಗಾದ್ರಮ್ಮ ತಕರಾರು ಹೇಳಲೆಂದೇ ಸೆರಗು ಬಿಗಿದು ಹೋಗಿದ್ದಳು. ಇದು ಮೇವಿನ ನೆಲ, ಕುರಿಗೇ ಬಿಡಬೇಕು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಧಿಕಾರಿ ದಂಟು ಮುಟ್ಟಿ, "ಏನಮ್ಮಾ ಗೊಬ್ಬರ?" ಎಂದರು.

"ನಮ್ಮಕ್ಕನ ಕುರೀದು ಸಾರ್," ಎಂದು ಕೊಲ್ಲಾಪುರಮ್ಮ ಗಾದ್ರಮ್ಮನನ್ನು ತೋರಿಸಿದಳು.

"ಕುರಿ ಇರೋರೇ ಗೊಬ್ಬರ ಕೊಟ್ಟ ಮೇಲೆ ತಕರಾರು ಎಲ್ಲಿಂದ ಬರುತ್ತೆ?" ಅಧಿಕಾರಿ ನಕ್ಕು ಮುಂದೆ ನಡೆದರು. ಕೂಡಿದ್ದವರೆಲ್ಲ ಗಾದ್ರಮ್ಮನನ್ನು ಹೊಗಳಿದರು. ಅವಳು ಬಿಗಿದ ಸೆರಗು ಸಡಿಲಿಸಿ ಕುರಿಗಳ ಕಡೆ ನಡೆದಳು.

ಸುಗ್ಗಿಯಾದ ಮೇಲೆ ಕೊಲ್ಲಾಪುರಮ್ಮ ಬುಟ್ಟಿ ತುಂಬ ತೆನೆ ತಂದು ಗಾದ್ರಮ್ಮನ ಜಗಲಿಯ ಮೇಲೆ ಇಳಿಸಿದಳು.

"ನಾನು ನಿನ್ನ ಹೊಲದಾಗೆ ಕುರಿ ನಿಲ್ಸಿಲ್ಲ!"

"ನಿಲ್ಸಿಲ್ಲ ಬಿಡಕ್ಕಾ. ನಿನ್ನ ಕುರಿ ಹಿಕ್ಕೆ ಬಿಟ್ಟಿ ತಗಳಾಕೆ ನನಗೆ ಮನಸಿಲ್ಲ."

ಅವಳು ಹೋದ ಮೇಲೆ, ಒಂದು ಹುಳುಕಾದರೂ ಸಿಕ್ಕೀತೆಂದು ಗಾದ್ರಮ್ಮ ಒಂದೊಂದೇ ತೆನೆ ಸುಲಿಯತೊಡಗಿದಳು. ಎಲ್ಲವೂ ತುದಿಯವರೆಗೆ ಕಾಳು ಕಟ್ಟಿದ್ದವು.