ಮೂರನೇ ಸಿಲಿಂಡರು

ಫಿದೆನ್ಸಿಯೊ ತನ್ನ ಟ್ಯಾಕ್ಸಿಯನ್ನು, ದುಂಬಿಯ ಆಕಾರದ ಹಳೇ ವೋಚೊ ಕಾರನ್ನು, ತಳ್ಳಿಸಿಕೊಂಡು ಬಂದು ನನ್ನ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿದಾಗ ಬೆಳಗಿನ ಹತ್ತು ಗಂಟೆ. ಕ್ವಾವ್ತೆಪೆಕ್ ಗುಡ್ಡದ ಟ್ಯಾಕ್ಸಿ ಸ್ಟ್ಯಾಂಡಿನವರು ಅಷ್ಟೂ ಜನ ತಮ್ಮ ತಮ್ಮ ವೋಚೊ ಹತ್ತಿಕೊಂಡು ಅವನ ಹಿಂದೆಯೇ ಬಂದಿದ್ದರು. ಬೇರೆಯವರ ಮಾನ ಹೋಗುವುದನ್ನು ನೋಡಬೇಕೆಂದರೆ ಇವರ ಗಾಡಿಗಳು ಎಂದೂ ಕೆಡುವುದಿಲ್ಲ.

"ಎದುವಿಹೆಸ್! ಆಚೆ ಬಾ!" ಎಂದು ಕಿರುಚಿದ. "ಮೂರು ತಿಂಗಳಾಗಿಲ್ಲ ನೀನು ಇಂಜಿನ್ ಬಿಚ್ಚಿ ಕಟ್ಟಿ. ನಡು ಏರಲ್ಲಿ ಕೈ ಕೊಡ್ತು. ಬಸುರಿ ಹೆಂಗಸು ಕೂತಿದ್ಲು ಒಳಗೆ!"

"ಅರಚಬೇಡ. ನನ್ನ ಕಿವಿ ನೆಟ್ಟಗಿದೆ."

"ಕಿವಿ ನೆಟ್ಟಗಿದೆ, ಕೈಯಲ್ವಾ ಕೆಟ್ಟಿರೋದು?" ಅಂದದ್ದು ನಾಬೊರ್. ಗುಡ್ಡದ ಕೆಳಗೆ ಗ್ಯಾರೇಜು ಇಟ್ಟಿರುವವನು. ಕರೆಯದೆ ಬಂದಿದ್ದ. ಕೈಯಲ್ಲಿ ಜೋಳದ ಕಡುಬು, ತಮಾಲೆ, ಹಿಡಿದು ಮೇಯುತ್ತಿದ್ದ.

ಸ್ಟ್ಯಾಂಡಿನ ಯಜಮಾನ ವುಲ್ಫ್ರಾನೊ ಮಾತ್ರ ಮೆಲ್ಲಗೆ ಮಾತಾಡಿದ. "ಎಲ್ಲರ ಮುಂದೇನೇ ನೋಡು, ಅಮ್ಮಾ. ಏನು ಕೆಟ್ಟಿದೆ, ಯಾರಿಂದ ಕೆಟ್ಟಿದೆ, ಹೇಳು. ನಿನ್ನ ಕೈಯಿಂದಲೇ ಅಂತಾದ್ರೆ, ನಾಳೆಯಿಂದ ಸ್ಟ್ಯಾಂಡಿನ ಒಂದು ಗಾಡೀನೂ ಈ ಬಾಗಿಲಿಗೆ ಬರಲ್ಲ."

ಮೈಯೆಲ್ಲ ಉರಿದುಹೋಯಿತು. ಅಪ್ಪನ ಕಾಲದ ಗ್ಯಾರೇಜು ಇದು. ಇವರ ಗಾಡಿಗಳು ಬಿಟ್ಟರೆ ನನಗೆ ಬೇರೆ ಗಿರಾಕಿಯೂ ಇಲ್ಲ, ಬೇರೆ ಕಸುಬೂ ಬಾರದು.

"ಸ್ಟಾರ್ಟ್ ಮಾಡೋ" ಅಂದೆ.

ತಣ್ಣಗಾಗಿದ್ದ ಇಂಜಿನ್ನು ಹೇಗೋ ಹತ್ತಿಕೊಂಡಿತು, ಕುಂಟುತ್ತ. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಒಂದನೆಯದನ್ನು ಎಳೆದಾಗ ಇಂಜಿನ್ನು ಮುಗ್ಗರಿಸಿತು. ಎರಡು, ನಾಲ್ಕು, ಅದೇ ಕಥೆ. ಮೂರನೆಯದನ್ನು ಎಳೆದರೆ ಅದಕ್ಕೆ ಗೊತ್ತೇ ಆಗಲಿಲ್ಲ. ಸತ್ತವರನ್ನು ಚಿವುಟಿದರೆ ಕೂಗುತ್ತಾರೆಯೇ? ಪ್ಲಗ್ಗು ತೆಗೆದು ಪ್ರೆಶರ್ ಮೀಟರು ಹಾಕಿದೆ. ಮುಳ್ಳು ಅಲುಗಲಿಲ್ಲ.

"ಮೂರನೇ ಸಿಲಿಂಡರು. ವಾಲ್ವ್ ಸುಟ್ಟಿದೆ."

"ಹಳೇ ವಾಲ್ವ್‌ನ ಉಜ್ಜಿ ಹೊಳಪು ಕೊಟ್ಟು ಹಾಕಿರ್ತಾಳೆ" ಎಂದ ನಾಬೊರ್.

"ಬಾಯಿ ಮುಚ್ಚಿಕೊಂಡು ತಿನ್ನು. ನಿನ್ನ ಹತ್ರ ಹೋಗಿದ್ರೆ ನೀನು ಎತ್ತಿಗೆ ಜ್ವರ ಅಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೆ."

ಗಾಡಿಯ ಹಿಂಭಾಗದಲ್ಲಿ ಕೂತಿರುವ ಈ ಇಂಜಿನ್ನಿಗೆ ನೀರಿಲ್ಲ, ರೇಡಿಯೇಟರಿಲ್ಲ. ಫ್ಯಾನು ಎಳೆದುಕೊಳ್ಳುವ ಗಾಳಿಯೇ ಅದರ ಜೀವ. ಮೂರನೆಯದರ ದಾರಿಗೆ ಅಡ್ಡವಾಗಿ ಆಯಿಲ್ ಕೂಲರು ಕೂತಿರುವುದರಿಂದ ಆ ಬಡಪಾಯಿಗೆ ಸಿಗುವುದು ಎಂಜಲು ಗಾಳಿ. ಗಾಳಿ ಎಲ್ಲಿ ಕಡಿಮೆಯಾದರೂ ಮೊದಲು ಸುಡುವುದು ಅದೇ. ಹಾಗಾಗಿ ತಪ್ಪು ಯಾರದೆಂದು ನನಗಾಗಲೇ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ.

"ಹಿಂದಿನ ಮುಚ್ಚಳಕ್ಕೆ ಕೋಲು ಕೊಟ್ಟು ಓಡಿಸಿದ್ದೀಯ ಅಲ್ವಾ?" ಎಂದು ಫಿದೆನ್ಸಿಯೊನ ಮೇಲೆ ಏರಿಹೋದೆ. "ಇಂಜಿನ್ ಸುತ್ತಲಿನ ರಬ್ಬರು ಕಿತ್ತೆಸೆದಿರ್ತೀಯ. ತಣ್ಣಗಿರಲಿ ಅಂತ! ಕೆಳಗಿನ ಬಿಸಿ ಗಾಳಿಯೆಲ್ಲ ಮೇಲಕ್ಕೆ ಬರುತ್ತೆ ಅಂತ ಎಷ್ಟು ಸಲ ಬಡಕೊಂಡಿದ್ದೀನಿ, ಕತ್ತೆ!"

"ನೋಡು. ಕಣ್ಣು ಬಿಟ್ಟು ನೋಡು."

ನೋಡಿದೆ. ರಬ್ಬರು ಒಂದಿಂಚೂ ಕದಲಿರಲಿಲ್ಲ. ಬೆಲ್ಟು ಬಿಗಿಯಾಗಿತ್ತು, ಟೈಮಿಂಗು ಸರಿಯಿತ್ತು, ಆಯಿಲ್ಲೂ ಹೊಸದು. ನಾನು ಹೇಳಿದ್ದನ್ನೆಲ್ಲ ಅವನು ಅಕ್ಷರಶಃ ಪಾಲಿಸಿದ್ದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ ನಾಬೊರ್. ಎಲ್ಲರೂ ನಕ್ಕರು.

ಫ್ಯಾನಿನ ಡಬ್ಬಿ ಬಿಚ್ಚಿ ಮೇಲೆತ್ತಿದೆ. ಆಯಿಲ್ ಕೂಲರಿನ ಸಂದುಗಳಲ್ಲಿ ಏನೋ ಕರಗಿ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದೆ. ಬಿಳಿ ರಿಬ್ಬನ್ನು, ಚೂರುಚೂರಾಗಿ.

ಇಲ್ಲಿ ಇಂಜಿನ್ನು ಕಟ್ಟಿಸಿದವರು ಗಾಡಿಯನ್ನು ಚರ್ಚಿನ ಮುಂದೆ ನಿಲ್ಲಿಸಿ ಪಾದ್ರಿಯಿಂದ ಪವಿತ್ರ ನೀರು ಹಾಕಿಸುತ್ತಾರೆ. ಆಗ ಒಬ್ಬರು ಗಾಡಿಗೆ ಧರ್ಮತಾಯಿಯಾಗಿ ನಿಂತು ಇಂಜಿನ್ನಿನ ಮುಚ್ಚಳದ ಒಳಗೆ ರಿಬ್ಬನ್ನು ಕಟ್ಟಬೇಕು. ಕಟ್ಟಿದವರಲ್ಲದೆ ಬೇರೆಯವರು ಅದನ್ನು ಮುಟ್ಟುವುದಿಲ್ಲ. ಫಿದೆನ್ಸಿಯೊನ ಗಾಡಿಗೆ ಕಟ್ಟಿದವಳು ನಾನು. ಮೂತಿ ಮೇಲೆತ್ತಿ, ಹೊಸ ಲಂಗ ಉಟ್ಟು, ಮಾರುದ್ದದ ರಿಬ್ಬನ್ನು ಕಟ್ಟಿದ್ದೆ. ತುದಿ ಸಡಿಲವಾಗಿ ಫ್ಯಾನಿನ ಬಾಯಿಗೆ ಬಿದ್ದಿದೆ.

ಯಾರೂ ಕಂಡಿರಲಿಲ್ಲ. ನನ್ನ ಬೆನ್ನು ಅವರ ಕಡೆಗಿತ್ತು. ಮುಷ್ಟಿ ಮುಚ್ಚಿ ಜೇಬಿಗೆ ಹಾಕಿಕೊಂಡು, ವಾಲ್ವ್ ಮಾಡಿದವರನ್ನು ಬೈದಿದ್ದರೆ ಮುಗಿದುಹೋಗುತ್ತಿತ್ತು. ದೇವರಾಣೆ, ಹಾಗೆ ಮಾಡಬೇಕೆಂದೇ ಅನ್ನಿಸಿತು. ಆದರೆ ಹಿಂದೆ ನಿಂತ ಗಾಡಿಗಳಲ್ಲಿ ಹನ್ನೊಂದಕ್ಕೆ ನಾನೇ ಧರ್ಮತಾಯಿ. ಅಂಥದೇ ರಿಬ್ಬನ್ನು, ಅದೇ ಏರು, ಒಳಗೆ ಜನ.

ತಿರುಗಿ ಕೈ ಚಾಚಿದೆ.

"ನನ್ನ ರಿಬ್ಬನ್. ಗಾಳಿ ದಾರಿ ಕಟ್ಟಿಕೊಂಡಿದೆ. ಸುಟ್ಟಿದ್ದು ನಾನೇ."

ನಾಬೊರ್ ಕೂಡ ಬಾಯಾಡಿಸುವುದನ್ನು ನಿಲ್ಲಿಸಿದ.

ಫಿದೆನ್ಸಿಯೊ ನನ್ನ ಅಂಗೈಯನ್ನೇ ನೋಡಿದ. "ಹೋದ ತಿಂಗಳೇ ನೋಡಿದ್ದೆ. ತುದಿ ಜೋತುಬಿದ್ದಿತ್ತು."

"ನೋಡಿದ್ಯಾ? ಕತ್ತರಿಸೋಕೇನು ರೋಗ ನಿನಗೆ?"

"ನೀನು ಕಟ್ಟಿದ್ದು!" ಎಂದು ಗುಡುಗಿದ. "ನಾನು ಹೇಗೆ ಕತ್ತರಿಸಲಿ? ಬಸುರಿ ಹೆಂಗಸಿಗೆ ಏನಾದ್ರೂ ಆಗುತ್ತೆ ಅಂತ ಗೊತ್ತಿದ್ರೂ ನಾನು ಕತ್ತರಿಸ್ತಿರಲಿಲ್ಲ."

ಒಳಗೆ ಹೋಗಿ ಕತ್ತರಿ ತಂದೆ.

"ಎಲ್ಲರೂ ಮುಚ್ಚಳ ತೆಗೀರಿ" ಅಂದೆ. ಯಾರೂ ಅಲುಗಲಿಲ್ಲ. "ತೆಗೀರೋ, ದಂಡಪಿಂಡಗಳಾ! ನಿಮ್ಮ ಗಾಡೀನೂ ಸುಡಬೇಕಾ?"

ಒಂದೊಂದಾಗಿ ಹನ್ನೊಂದು ಮುಚ್ಚಳ ತೆರೆದವು. ಹನ್ನೊಂದನ್ನೂ ನಾನೇ ಕತ್ತರಿಸಿದೆ. ಪ್ರತಿಯೊಂದು ಗಂಟು ಕತ್ತರಿಸುವಾಗಲೂ ಆ ಗಾಡಿಯವನು ಬೇರೆ ಕಡೆ ಮುಖ ತಿರುಗಿಸಿಕೊಂಡ. ಕೊನೆಯದು ವುಲ್ಫ್ರಾನೊನ ಗಾಡಿ. ಅವನು ಮುಚ್ಚಳ ಹಾಕಿ, ಹ್ಯಾಟು ಸರಿಪಡಿಸಿಕೊಂಡ.

"ಒಪ್ಪಿಕೊಂಡೆ, ಒಳ್ಳೇದು. ಆದರೆ ಮಾತು ಮಾತೇ."

"ನಾನೇನು ಬೇಡ ಅಂದೆನಾ? ಹೊರಡಿ."

ಹೊರಟರು. ಗಾಡಿಗಳ ಸದ್ದು ಇಳಿಜಾರಿನಲ್ಲಿ ನಾಬೊರ್‌ನ ಹಿಂದೆ ಸಾಲಾಗಿ ಇಳಿದುಹೋಯಿತು. ಅಷ್ಟೂ ಇಂಜಿನ್ನುಗಳನ್ನು ಸದ್ದಿನಿಂದಲೇ ಗುರುತಿಸಬಲ್ಲೆ ನಾನು.

ಫಿದೆನ್ಸಿಯೊ ಹೋಗಿರಲಿಲ್ಲ. ಕಲ್ಲಿನ ಮೇಲೆ ಕೂತು ನನ್ನನ್ನೇ ದುರುಗುಟ್ಟುತ್ತಿದ್ದ. ಇಂಜಿನ್ನನ್ನು ಹಿಡಿದಿದ್ದ ನಾಲ್ಕೂ ಬೋಲ್ಟು ಸಡಿಲಿಸಿ, ಅದನ್ನು ಇಳಿಸಲು ಜ್ಯಾಕು ಒಳಗೆ ತಳ್ಳಿದೆ.

"ಗಾಡಿ ಓಡೋ ಹಾಗಿದ್ದಿದ್ರೆ ನಾನೂ ಅವರ ಹಿಂದೇನೇ ಹೋಗ್ತಿದ್ದೆ" ಎಂದ.

"ಗೊತ್ತು" ಅಂದೆ. "ಬಾ, ಆ ಕಡೆ ಹಿಡ್ಕೋ."